ಹನ್ನೊಂದನೆಯ ದನಿ

"ನನ್ನ ಹನ್ನೊಂದು ಜನರ ದನಿ ಎಲ್ಲಿ?"

ಬಾಗಿಲು ತಟ್ಟುವ ಗೊಡವೆಗೇ ಹೋಗದೆ ಒಳನುಗ್ಗಿದವಳನ್ನು ಕಂಡು ಕ್ಲೌಡ್ ಕಂಪನಿಯ ಆ ಉದ್ದನೆಯ ಕೋಣೆಯಲ್ಲಿದ್ದವರೆಲ್ಲ ತಲೆಯೆತ್ತಿದರು. ಮಧ್ಯಾಹ್ನ ಮೂರು ಗಂಟೆಯ ಹೊತ್ತು. ಕಿಟಕಿಯ ಪಕ್ಕ ಕೂತಿದ್ದವನು ಮಾತ್ರ ಪರದೆಯ ಮೇಲಿನ ಸಾಲನ್ನು ಕೊನೆಯವರೆಗೆ ಓದಿ ಮುಗಿಸಿ, ಆಮೇಲೆ ಎದ್ದು ನಿಂತ.

"ಗಂಟಲಿನ ಆಸ್ಪತ್ರೆಯಿಂದ ಬಂದವರು ನೀವೇ ತಾನೆ?"

"ಹೌದು. ಬೆಳಿಗ್ಗೆಯಿಂದ ಇಪ್ಪತ್ತು ಸಲ ಫೋನ್ ಮಾಡಿದ್ದೀನಿ. ನಮ್ಮ ಸರ್ವರ್ ನೋಡ್ಕೊಳ್ಳೋರು ಯಾರು?"

"ನಾನೇ. ಕೂತ್ಕೊಳ್ಳಿ."

"ಕೂತ್ಕೊಳ್ಳೋಕೆ ಬಂದಿಲ್ಲ! ರೆಕಾರ್ಡಿಂಗ್ ಎಲ್ಲಿ, ಅದನ್ನ ಹೇಳಿ."

ಅವನು ಪರದೆಯನ್ನು ಅವಳತ್ತ ತಿರುಗಿಸಿದ.

"ನಿನ್ನೆ ನಿಮ್ಮ ಸರ್ವರ್ ಓಡ್ತಿದ್ದ ಯಂತ್ರ ಕೆಟ್ಟು ನಿಂತುಹೋಯ್ತು. ಬೇರೆ ಯಂತ್ರದ ಮೇಲೆ ಸರ್ವರ್ ಮತ್ತೆ ಶುರುವಾಗಿದೆ. ಆದ್ರೆ ಡಿಸ್ಕ್ ಖಾಲಿ ಇದೆ."

"ಖಾಲಿ ಅಂದ್ರೆ?"

"ಅದರಲ್ಲಿ ಈಗ ಏನೂ ಇಲ್ಲ."

ಅಷ್ಟೇ. ಒಂದು 'ಕ್ಷಮಿಸಿ' ಇಲ್ಲ, ಒಂದು 'ಅಯ್ಯೋ' ಇಲ್ಲ. ನಾಳೆ ನಲ್ಲಿ ನೀರು ಬರಲ್ಲ ಅನ್ನುವಷ್ಟು ಸಲೀಸಾಗಿ ಹೇಳಿಬಿಟ್ಟ.

ಇವನೇನು ಮನುಷ್ಯನೋ ಕಲ್ಲೋ...

ಅವನು ಕುರ್ಚಿಯನ್ನು ಅವಳತ್ತ ಸರಿಸಿದ. ಅವಳು ಕೂರಲಿಲ್ಲ. ಬಂದಷ್ಟೇ ರಭಸದಲ್ಲಿ ಹೊರಟುಹೋದಳು.

ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ನೀಡುತ್ತಿದ್ದ ಅವಳನ್ನು ಎಲ್ಲರೂ ಮಾತಿನ ಮೇಡಮ್ ಎಂದೇ ಕರೆಯುತ್ತಿದ್ದರು. ಗಂಟಲಿನ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಿ ಬಂದವರು ಶಸ್ತ್ರಚಿಕಿತ್ಸೆಗೆ ಮೊದಲು ಅವಳ ಪುಟ್ಟ ಕೋಣೆಗೆ ಬರುತ್ತಿದ್ದರು. ಮೂರು ವಾರ, ದಿನಕ್ಕೆ ಅರ್ಧ ಗಂಟೆ, ಮೈಕಿನ ಮುಂದೆ ಕೂತು ಅವಳು ಕೊಟ್ಟ ವಾಕ್ಯಗಳನ್ನು ಓದುತ್ತಿದ್ದರು. ಆ ಧ್ವನಿಮುದ್ರಿಕೆಗಳನ್ನು ಒಂದು ಪ್ರಯೋಗಾಲಯಕ್ಕೆ ಕಳಿಸಿದರೆ, ಅವರದೇ ದನಿಯಲ್ಲಿ ಮಾತಾಡುವ ಫೋನ್ ಆ್ಯಪ್ ತಯಾರಾಗಿ ಬರುತ್ತಿತ್ತು. ಬರೆದದ್ದನ್ನು ಫೋನು ಅವರ ದನಿಯಲ್ಲೇ ಹೇಳುತ್ತಿತ್ತು. ಪ್ರಯೋಗಾಲಯದಲ್ಲಿ ಸರದಿ ಉದ್ದವಿತ್ತು. ಹನ್ನೊಂದು ಜನರ ಸರದಿ ಇನ್ನೂ ಬಂದಿರಲಿಲ್ಲ.

ಆ ಹನ್ನೊಂದು ಜನರಲ್ಲಿ ಎಂಟು ಮಂದಿಗೆ ಆಗಲೇ ಶಸ್ತ್ರಚಿಕಿತ್ಸೆ ಆಗಿತ್ತು. ಅವರ ಪಾಲಿಗೆ ಎರಡನೇ ಸಲ ಮುದ್ರಿಸುವ ಮಾತೇ ಇರಲಿಲ್ಲ.

ಕ್ಲೌಡಿನಲ್ಲಿ ಇಟ್ಟಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಅವಳು ನಿಶ್ಚಿಂತೆಯಿಂದ ಇದ್ದಳು. ಅದೂ ಯಾರದೋ ಕಟ್ಟಡದ ಯಾವುದೋ ಕಪಾಟಿನಲ್ಲಿರುವ ಯಂತ್ರವೇ, ಅದೂ ಕೆಡುತ್ತದೆ ಎಂಬುದು ಅವಳ ತಲೆಗೆ ಎಂದೂ ಹೊಳೆದಿರಲಿಲ್ಲ.

ಅವತ್ತೇ ಸಂಜೆ ದೂರು ಬರೆದಳು. ಇಂಜಿನಿಯರನ ಹೊಣೆಗೇಡಿತನ, ಉಡಾಫೆ, ರೋಗಿಗಳ ಬಗ್ಗೆ ಎಳ್ಳಷ್ಟೂ ಕಾಳಜಿ ಇಲ್ಲದ ನಡವಳಿಕೆ... ಒಂದನ್ನೂ ಬಿಡಲಿಲ್ಲ. ಕಳಿಸಿದ ಮೇಲೆ ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ.

ಮೂರನೇ ದಿನ ಅವನೇ ಆಸ್ಪತ್ರೆಗೆ ಬಂದ. ಕಣ್ಣು ಕೆಂಪಗಿತ್ತು, ಅಂಗಿ ಮುದುಡಿತ್ತು.

"ಒಂದು ಹಳೇ ಡಿಸ್ಕ್ ಸಿಕ್ಕಿದೆ. ಏಳು ಜನರದ್ದು ಇದೆ."

ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. "ಏಳು? ಯಾವ ಏಳು?"

ಅವನು ಪಟ್ಟಿ ಮುಂದಿಟ್ಟ. ಅವಳ ಬೆರಳು ಒಂದೊಂದೇ ಸಾಲಿನ ಮೇಲೆ ಇಳಿಯಿತು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ ಟೀಚರ್, ಗಡಿಯಾರ ರಿಪೇರಿಯವರು, ಅವಳಿ ಮಕ್ಕಳ ತಾಯಿ... ಇದ್ದಾರೆ, ಇದ್ದಾರೆ! ಕಣ್ಣಲ್ಲಿ ನೀರು ತುಂಬಿತು. ಆದರೆ ಅವನೆದುರು ಅಳಬಾರದೆಂದು ತುಟಿ ಕಚ್ಚಿದಳು.

"ಇದು ಮೊದಲು ಯಾಕೆ ಸಿಗಲಿಲ್ಲ?"

"ಹುಡುಕಬೇಕಾಗಿತ್ತು." ಅವನು ಮೇಜಿನ ಮೇಲಿದ್ದ ಕಾಗದ ಎಳೆದುಕೊಂಡು ಎರಡು ಚೌಕ ಬರೆದ. "ನೋಡಿ, ಸರ್ವರ್‌ಗೆ ಎರಡು ಥರ ಡಿಸ್ಕ್ ಕೊಡಬಹುದು. ಒಂದು, ಆ ಯಂತ್ರದ ಒಳಗೇ ಇರುತ್ತೆ. ಬಹಳ ಚುರುಕು. ಆದ್ರೆ ಯಂತ್ರ ನಿಂತ್ರೆ ಅದರಲ್ಲಿದ್ದದ್ದೂ ಹೋಯ್ತು. ಇನ್ನೊಂದು, ಬೇರೆ ಕಡೆ ಇರುತ್ತೆ. ನೆಟ್‌ವರ್ಕ್ ಮೂಲಕ ಸರ್ವರ್‌ಗೆ ಜೋಡಿಸ್ತೀವಿ. ಚೂರು ನಿಧಾನ. ಆದ್ರೆ ಸರ್ವರ್ ಹಾಳಾದ್ರೂ ಅದು ಹಾಗೇ ಉಳಿಯುತ್ತೆ. ಅಲ್ಲಿಂದ ಬಿಚ್ಚಿ ಇನ್ನೊಂದು ಸರ್ವರ್‌ಗೆ ಹಾಕಿದ್ರೆ ಎಲ್ಲ ಇದ್ದ ಹಾಗೇ ಸಿಗುತ್ತೆ."

"ನಮ್ಮದು?"

"ಮೊದಲು ಎರಡನೇ ಥರದ್ದು. ಐದು ತಿಂಗಳ ಹಿಂದೆ ಮೊದಲನೇ ಥರಕ್ಕೆ ಬದಲಾಯ್ತು. ಬಿಚ್ಚಿದ ಹಳೇ ಡಿಸ್ಕನ್ನ ಯಾರೂ ಅಳಿಸಿರಲಿಲ್ಲ. ಹೆಸರೂ ಇಲ್ಲದೆ ಒಂದು ಮೂಲೆಲಿ ಬಿದ್ದಿತ್ತು. ಹೀಗಾಗಿ ಬದಲಾಯಿಸೋಕೆ ಮುಂಚಿನ ಏಳು ಜನ ಉಳಿದ್ರು."

"ಆಮೇಲಿನ ನಾಲ್ಕು ಜನ?"

"ಇಲ್ಲ."

ಮತ್ತೆ ಅದೇ ದನಿ. ಅದೇ ತಣ್ಣನೆಯ 'ಇಲ್ಲ'.

ಆ ನಾಲ್ವರಲ್ಲಿ ಮೂವರಿಗೆ ಶಸ್ತ್ರಚಿಕಿತ್ಸೆ ಬಾಕಿಯಿತ್ತು, ಮತ್ತೆ ಕೂರಿಸಿ ಓದಿಸಬಹುದಿತ್ತು. ಉಳಿದವರು ಒಬ್ಬರೇ, ಬಸ್ ಡ್ರೈವರ್. ಅವರ ಗಂಟಲಿನ ಹೊಲಿಗೆ ಬಿಚ್ಚಿ ಆರು ವಾರವಾಗಿತ್ತು.

"ಯಾರು ಬದಲಾಯಿಸಿದ್ದು?" ಅವಳ ದನಿ ಏರಿತು. "ಯಂತ್ರ ನಿಂತ್ರೆ ಎಲ್ಲ ಹೋಗುತ್ತೆ ಅಂತ ಗೊತ್ತಿದ್ದೂ ಅಂಥಾ ಡಿಸ್ಕಲ್ಲಿ ಇವರ ದನಿ ಇಟ್ಟಿದ್ದು ಯಾರು?"

ಅವನು ಅವಳ ಮುಖವನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದ. ಹೇಳಲಿಲ್ಲ.

"ನಾನೇ," ಎಂದ.

"ಹಾಗಾದ್ರೆ ನನ್ನ ಕಣ್ಣ ಮುಂದೆ ಇನ್ನೊಂದು ನಿಮಿಷವೂ ಇರಬೇಡಿ."

ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೋದ.

ಮುಂದಿನ ವಾರ ಅವನ ಜಾಗಕ್ಕೆ ಬೇರೊಬ್ಬ ಬಂದ. ಕಂಪನಿಯವರು ದೂರನ್ನು ಗಂಭೀರವಾಗಿ ತೆಗೆದುಕೊಂಡಿದ್ದರು. ಹಳಬನನ್ನು ಆಸ್ಪತ್ರೆಗಳ ಕೆಲಸದಿಂದಲೇ ದೂರವಿಟ್ಟಿದ್ದರು. ಹೊಸಬ ವಾಚಾಳಿ. ಬಂದ ಮೊದಲ ದಿನವೇ ಲೊಟಲೊಟನೆ ಶುರುಮಾಡಿದ.

"ಎಲ್ಲ ರೆಡಿ ಮಾಡಿ ಇಟ್ಟು ಹೋಗಿದ್ದಾನೆ ಮೇಡಮ್, ನಂಗೆ ಕೆಲಸಾನೇ ಇಲ್ಲ! ರೆಕಾರ್ಡಿಂಗ್ ಎಲ್ಲ ಬೇರೆ ಡಿಸ್ಕಲ್ಲಿ. ದಿನಾ ಅದರದೊಂದು ನಕಲು, ಅದೂ ಇನ್ನೊಂದು ಕಟ್ಟಡದಲ್ಲಿ. ಒಳಗಿನ ಚುರುಕು ಡಿಸ್ಕು ಬರೀ ತಾತ್ಕಾಲಿಕ ಕೆಲಸಕ್ಕೆ. ಹೋದ್ರೆ ಹೋಗ್ಲಿ ಅನ್ನೋವಂಥದ್ದು ಮಾತ್ರ ಅಲ್ಲಿ. ಒಂದು ಒಪ್ಪಿಗೆ ಪತ್ರ ಬೇಕು ನಿಮ್ಮಿಂದ. ಹಿಂದಿನ ಸಲ ಕೊಟ್ಟಿದ್ರಲ್ಲ, ಹಾಗೇ."

"ಹಿಂದಿನ ಸಲವಾ? ನಾನೆಲ್ಲಿ ಕೊಟ್ಟೆ?"

"ನಿಮ್ಮ ಮೇಲ್‌ನಲ್ಲೇ ಇರುತ್ತೆ ನೋಡಿ."

ಅವಳು ಹುಡುಕಿದಳು. ಐದು ತಿಂಗಳ ಹಿಂದಿನ ಪತ್ರ. ಅದಕ್ಕೂ ಮೊದಲು ಅವಳದೇ ಒಂದು ದೂರಿತ್ತು: ರೆಕಾರ್ಡಿಂಗ್ ತಡವರಿಸುತ್ತದೆ, ರೋಗಿಗಳು ಒಂದೇ ವಾಕ್ಯವನ್ನು ಎರಡೆರಡು ಸಲ ಓದಬೇಕಾಗಿದೆ, ಚುರುಕು ಮಾಡಿಕೊಡಿ. ಅದಕ್ಕೆ ಅವನ ಉತ್ತರ ಒಂದೂವರೆ ಪುಟ. ಎಫೆಮೆರಲ್, ಪರ್ಸಿಸ್ಟೆಂಟ್, ಐಒಪಿಎಸ್... ಬಾಯಿಗೆ ಬಾರದ ಪದಗಳ ರಾಶಿ. ಅದರ ಮಧ್ಯೆ, ಹನ್ನೆರಡನೇ ಸಾಲಿನಲ್ಲಿ: 'ಈ ಆಯ್ಕೆಯಲ್ಲಿ ಸರ್ವರ್ ನಿಂತರೆ ದತ್ತಾಂಶ ಉಳಿಯುವುದಿಲ್ಲ. ನಕಲು ಇಡುವ ಏರ್ಪಾಡು ತಮ್ಮ ಕಡೆಯಿಂದ ಆಗಬೇಕು. ಒಪ್ಪಿಗೆ ಇದ್ದಲ್ಲಿ ತಿಳಿಸಿ.'

ಅದರ ಕೆಳಗೆ ಅವಳ ಉತ್ತರ. ನಾಲ್ಕೇ ನಿಮಿಷದಲ್ಲಿ ಕಳಿಸಿದ್ದು.

'ಸರಿ. ಬೇಗ ಮಾಡಿ.'

ಹನ್ನೆರಡನೇ ಸಾಲನ್ನು ಅವಳು ಮತ್ತೊಮ್ಮೆ ಓದಿದಳು.

ಹೇಳಬಹುದಿತ್ತಲ್ಲ... ಈ ಒಂದು ಸಾಲು ತೋರಿಸಿದ್ದರೆ ನಾನು ತಲೆಯೆತ್ತಲೂ ಆಗುತ್ತಿರಲಿಲ್ಲ. 'ನಾನೇ' ಅಂದುಬಿಟ್ಟನಲ್ಲ!

ಸಂಜೆ ಮನೆಯಲ್ಲಿ ಅಕ್ಕನ ಮುಂದೆ ಎಲ್ಲವನ್ನೂ ಕಕ್ಕಿದಳು. ಅಕ್ಕ ಬಟ್ಟೆ ಮಡಚುತ್ತಾ ಕೇಳಿದಳು.

"ಈಗೇನು ಮಾಡ್ತೀಯ?"

"ದೂರು ವಾಪಸ್ ತಗೊಂಡು ಪತ್ರ ಬರೆದಿದ್ದೀನಿ. ತಪ್ಪು ನಂದು ಅಂತ ದೊಡ್ಡ ಡಾಕ್ಟರಿಗೂ ಹೇಳಿದೆ. ಭಾನುವಾರ ಡ್ರೈವರ್ ಮನೆಗೆ ಹೋಗ್ತೀನಿ. ಅವರಿಗೆ ನಾನೇ ಹೇಳಬೇಕು."

"ಮತ್ತೆ ಅವನಿಗೆ?"

"ಯಾವ ಮುಖ ಇಟ್ಕೊಂಡು ಹೋಗಲಿ ಅಕ್ಕಾ..."

"ಇರೋ ಮುಖ ಇಟ್ಕೊಂಡು ಹೋಗು. ಬೈಯೋಕೆ ಹೋಗುವಾಗ ಇದ್ದ ಧೈರ್ಯ ಈಗೆಲ್ಲಿ ಹೋಯ್ತು?"

ಅವಳು ಅಕ್ಕನ ಕೈಯಿಂದ ಒಂದು ಬಟ್ಟೆ ತೆಗೆದುಕೊಂಡು ಮಡಚತೊಡಗಿದಳು.

ಭಾನುವಾರ ಹನ್ನೊಂದು ಗಂಟೆಗೆ ಡ್ರೈವರ್ ಮನೆಯ ಮೂರನೇ ಮಹಡಿ ಹತ್ತಿದಳು. ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡು ಬಂದಿದ್ದಳು. ಬಾಗಿಲು ತೆರೆದದ್ದು ಡ್ರೈವರ್ ಮಗಳು, ಟೈಲರಿಂಗ್ ಅಂಗಡಿ ನಡೆಸುವವಳು. ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು.

"ಬನ್ನಿ ಮೇಡಮ್. ನಿಮ್ಮವರೂ ಇಲ್ಲೇ ಇದ್ದಾರೆ."

"ನಮ್ಮವರಾ?"

ಒಳಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಅವನು! ಎದುರಿಗೆ ಲ್ಯಾಪ್‌ಟಾಪ್, ಸುತ್ತ ಮೂರು ಹಳೇ ಫೋನುಗಳು. ಒಂದರ ಗಾಜು ಒಡೆದು ಚೂರಾಗಿತ್ತು. ಅವಳನ್ನು ಕಂಡದ್ದೇ ಗಡಬಡಿಸಿ ಏಳಲು ಹೋಗಿ ಚಾರ್ಜರ್ ವೈರಿಗೆ ಕಾಲು ಸಿಕ್ಕಿಸಿಕೊಂಡ.

"ನೀವು... ಇಲ್ಲಿ?"

"ದೊಡ್ಡ ಡಾಕ್ಟರ್ ಹತ್ರ ಅನುಮತಿ ಕೇಳಿದ್ದೆ. ರಜಾ ದಿನ ತಾನೆ... ಹಳೇ ಫೋನಲ್ಲಿ ಏನಾದ್ರೂ ಸಿಗುತ್ತೇನೋ ಅಂತ."

"ಸಿಕ್ಕಿದೆ ಮೇಡಮ್!" ಮಗಳು ಅಂದಳು. "ಅಪ್ಪ ನಂಗೆ ಕಳಿಸ್ತಿದ್ದ ವಾಯ್ಸ್ ಮೆಸೇಜು. ನಾಲ್ಕು ವರ್ಷದ್ದು, ನಾನ್ನೂರಕ್ಕೂ ಜಾಸ್ತಿ. ಪ್ರಯೋಗಾಲಯದವರನ್ನ ಇವರೇ ಕೇಳಿದ್ರಂತೆ. ಅಷ್ಟಿದ್ರೆ ಪ್ರಯತ್ನ ಮಾಡಬಹುದು ಅಂದ್ರಂತೆ."

ಮಂಚದ ಮೇಲೆ ಕೂತಿದ್ದ ಡ್ರೈವರ್ ಅವಳನ್ನು ನೋಡಿ ನಕ್ಕರು. ಕೊರಳಿಗೆ ಸುತ್ತಿದ ಬಟ್ಟೆಯ ಹಿಂದೆ ಉಸಿರು ಸುಯ್ಯೆಂದಿತು.

ಅವಳು ಕೂರಲಿಲ್ಲ. ಕೂತರೆ ಹೇಳಲಾಗದು ಅನ್ನಿಸಿತು.

"ಅಣ್ಣಾ, ನೀವು ಮೂರು ವಾರ ಕಷ್ಟಪಟ್ಟು ಓದಿದ್ದು ಎಲ್ಲ ಹೋಯ್ತು. ಅದು ಇವರ ತಪ್ಪಲ್ಲ. ನಂದು. ಇವರು ಬರೆದು ಎಚ್ಚರಿಕೆ ಕೊಟ್ಟಿದ್ರು. ನಾನು ಓದದೇ ಸರಿ ಅಂದುಬಿಟ್ಟೆ."

ಇಂಜಿನಿಯರ್ ನೆಲ ನೋಡುತ್ತಿದ್ದ. ಡ್ರೈವರ್ ದಿಂಬಿನ ಪಕ್ಕದ ಪುಸ್ತಕ ತೆಗೆದು ನಿಧಾನವಾಗಿ ಬರೆದರು. ಬರೆದು ಅವಳತ್ತ ಹಿಡಿದರು.

'ಬೇಜಾರಾಯ್ತು. ಸುಳ್ಳು ಹೇಳಲ್ಲ.'

ಅವಳು ತಲೆತಗ್ಗಿಸಿದಳು. ಅವರು ಪುಸ್ತಕ ಹಿಂದಕ್ಕೆ ಎಳೆದುಕೊಂಡು ಇನ್ನೂ ಬರೆದರು.

'ಆದರೆ ಅಲ್ಲಿ ನೀವು ಕೊಟ್ಟದ್ದನ್ನು ಓದಿದ್ದೆ. ಫೋನಲ್ಲಿ ಮಗಳನ್ನು ಬೈದಿದ್ದೇನೆ. ನನ್ನ ದನಿ ಇದೇ.'

ಮಗಳು ಒಂದು ಮೆಸೇಜು ಒತ್ತಿದಳು. ಒಡೆದ ಫೋನಿನಿಂದ ಗಡಸು ದನಿಯೊಂದು ಕೋಣೆ ತುಂಬಿತು: "ಎಲ್ಲಿ ಸತ್ತೆಯೇ? ಆಗಲೇ ಕತ್ತಲಾಯ್ತು, ನಾನು ಸ್ಟಾಪಲ್ಲೇ ನಿಂತಿದ್ದೀನಿ, ಬೇಗ ಬಾ ತಾಯಿ..." ಹಿಂದೆ ಬಸ್ಸಿನ ಹಾರ್ನ್. ಡ್ರೈವರ್ ಶಬ್ದವಿಲ್ಲದೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳು ನಗುತ್ತಲೇ ಅತ್ತಳು.

ಮಾತಿನ ಮೇಡಮ್ ಈ ಸಲ ತುಟಿ ಕಚ್ಚಲಿಲ್ಲ. ಅಳು ಬಂದಷ್ಟು ಅತ್ತಳು.

ಎರಡು ಗಂಟೆಗೆ ಇಬ್ಬರೂ ಒಟ್ಟಿಗೆ ಮೆಟ್ಟಿಲಿಳಿದರು. ಬೀದಿಯಲ್ಲಿ ಬಿಸಿಲು. ಅಂಗಡಿಗಳ ಬಾಗಿಲು ಅರ್ಧ ಎಳೆದಿತ್ತು. ನೆರಳು ಹುಡುಕಿಕೊಂಡು ನಡೆದರು.

"ಯಾಕೆ ಹೇಳಲಿಲ್ಲ?" ಕೊನೆಗೆ ಅವಳೇ ಕೇಳಿದಳು. "ಅವತ್ತು 'ನಾನೇ' ಅಂದ್ರಲ್ಲ."

"ನಾನೇ ತಾನೆ ಬದಲಾಯಿಸಿದ್ದು."

"ನಾನು ಒಪ್ಪಿದ ಮೇಲೆ."

"ನೀವು ಒಪ್ಪಿದ್ದು ಏನಕ್ಕೆ ಅಂತ ನಿಮಗೆ ಗೊತ್ತಿತ್ತಾ? ಆ ಪತ್ರ ಮತ್ತೆ ಓದಿ ನೋಡಿದೆ. ಯಾರಿಗೂ ಅರ್ಥ ಆಗಬಾರದು ಅಂತಲೇ ಬರೆದ ಹಾಗಿತ್ತು. ಎರಡು ಚೌಕ ಬರೆದು ನಿಮಗೆ ಹೇಳೋಕೆ ಎರಡು ನಿಮಿಷ ಸಾಕಾಯ್ತು. ಆ ಎರಡು ನಿಮಿಷ ಐದು ತಿಂಗಳ ಹಿಂದೆ ಕೊಡಬೇಕಿತ್ತು."

"ಅವತ್ತು ನಿಮ್ಮನ್ನ ಕಲ್ಲು ಅಂದ್ಕೊಂಡೆ."

"ಗೊತ್ತು. ಹೆದರಿಕೆ ಆದಾಗ ನನ್ನ ಮುಖ ಹಾಗಾಗುತ್ತೆ. ಅಮ್ಮನೂ ಬೈತಾಳೆ."

ಅವಳಿಗೆ ನಗು ಬಂತು. ಅವನು ನಗಲಿಲ್ಲ. ಏನನ್ನೋ ಹೇಳಲು ತಯಾರಾಗುತ್ತಿದ್ದ. ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಬಳಿ ನಿಂತ.

"ಹಳೇ ಡಿಸ್ಕ್ ಸಿಕ್ಕಾಗ ಕಡತ ಸರಿಯಾಗಿ ಓಡುತ್ತಾ ಅಂತ ಪರೀಕ್ಷೆ ಮಾಡಬೇಕಿತ್ತು. ರೋಗಿಗಳ ಮಾತು ಕೇಳೋ ಹಾಗಿಲ್ಲ, ಬರೀ ಮೊದಲ ಐದು ಸೆಕೆಂಡ್. ಆ ಐದು ಸೆಕೆಂಡಲ್ಲಿ ಯಾವಾಗಲೂ ನೀವೇ ಇರ್ತೀರ."

"ನಾನಾ?"

"'ಹೆದರಬೇಡಿ, ನಿಧಾನವಾಗಿ ಶುರುಮಾಡಿ' ಅಂತೀರ. ಏಳು ಜನರದ್ದು ನೂರಾ ನಲವತ್ತು ಕಡತ. ಎರಡು ದಿನ, ನೂರಾ ನಲವತ್ತು ಸಲ." ಅವನು ಕತ್ತು ಉಜ್ಜಿಕೊಂಡ. "ಮೂರನೇ ದಿನ ನಿಮ್ಮ ಹತ್ರ ಬಂದಾಗ ನೀವು ಬೈದ್ರಿ. ಆದರೂ ನಂಗೆ... ಆ ದನಿಯಲ್ಲೇ ಬೈದ ಹಾಗಿತ್ತು. ಆಮೇಲೆ ನಿಮ್ಮ ಕೆಲಸದಿಂದ ನನ್ನ ತೆಗೆದ್ರು. ಬೇಜಾರಾದದ್ದು ಕೆಲಸಕ್ಕಲ್ಲ. ಇನ್ನು ನಿಮ್ಮನ್ನ ನೋಡೋಕಾಗಲ್ಲವಲ್ಲ ಅಂತ."

ದಿನವಿಡೀ ಬೇರೆಯವರಿಗೆ ಮಾತು ಕಲಿಸುವವಳ ಬಾಯಲ್ಲಿ ಒಂದೇ ಒಂದು ಪದ ಬರಲೊಲ್ಲದು.

"ಏನಾದ್ರೂ ಹೇಳಿ," ಅವನೆಂದ. "ಇಲ್ಲ ಅಂತಾದ್ರೂ."

"ಇಲ್ಲ ಅಂತ ಹೇಳಲ್ಲ."

"ಹಾಗಾದ್ರೆ?"

"ನಂಗೆ ಹಸಿವಾಗಿದೆ. ಬೆಳಿಗ್ಗೆಯಿಂದ ಹೆದರಿ ಏನೂ ತಿಂದಿಲ್ಲ."

ಅವನ ಮುಖದಲ್ಲಿ ಮೊದಲ ಸಲ ನಗು ಕಾಣಿಸಿತು. ಸೊಟ್ಟಗಿತ್ತು, ಚೆನ್ನಾಗಿತ್ತು.

"ನಾನೂ ತಿಂದಿಲ್ಲ. ಆ ತಿರುವಲ್ಲಿ ಒಂದು ಹೋಟೆಲಿದೆ. ಬರ್ತೀರಾ?"

"ಬರ್ತೀರಾ ಅಲ್ಲ," ಅಂದಳು, ಅವನ ಕೈಯಿಂದ ಲ್ಯಾಪ್‌ಟಾಪ್ ಚೀಲ ತೆಗೆದುಕೊಳ್ಳುತ್ತಾ. "ಬರ್ತೀಯಾ ಅನ್ನು."

ಅವನು ಒಂದು ಸಲ ಉಸಿರೆಳೆದುಕೊಂಡ.

"ಬರ್ತೀಯಾ?"

"ಬರ್ತೀನಿ."