ಭಟ್ಟಿ ಆರಿಸಿದ ಸೊಸೆ

ಅಷ್ಟು ಜನರ ಕಣ್ಣೆದುರಿಗೇ ಅತ್ತೆ ದೊಡ್ಡ ಸೊಸೆಯ ಸೂಟ್‌ಕೇಸಿನ ಜಿಪ್ಪು ಎಳೆದು, ಒಳಗಿನ ಬಟ್ಟೆಗಳನ್ನು ಒಂದೊಂದಾಗಿ ಸೋಫಾದ ಮೇಲೆ ಎಸೆಯತೊಡಗಿದರು. ಹೊಸ ಹತ್ತಿಯ ಬಟ್ಟೆ, ಕಡಲ ದಂಡೆಗೆಂದು ಕೊಂಡ ರಬ್ಬರ್ ಚಪ್ಪಲಿ, ಬಿಸಿಲಿಗೆಂದು ತಂದ ಅಗಲ ಅಂಚಿನ ಟೋಪಿ... ಟೋಪಿ ಉರುಳಿಕೊಂಡು ಹೋಗಿ ಮೈದುನನ ಕಾಲಿಗೆ ತಾಗಿ ನಿಂತಿತು. ಅವನು ಎತ್ತಿಕೊಡಲಿಲ್ಲ. ಮೊಬೈಲಿನಲ್ಲಿ ಏನೋ ಓದುವವನಂತೆ ತಲೆ ತಗ್ಗಿಸಿದ.

“ಇದ್ರಲ್ಲಿ ಚಿಕ್ಕ ಸೊಸೆ ಸಾಮಾನು ತುಂಬ್ಕೊಳ್ಳಿ,” ಎಂದರು ಅತ್ತೆ. “ದೊಡ್ಡವಳು ಬರಲ್ಲ. ಭಟ್ಟಿ ಹತ್ರ ಯಾರಾದ್ರೂ ಇರ್ಬೇಕಲ್ಲ!”

ಮೂರು ವಾರದ ಪ್ರವಾಸ. ಮೊದಲ ವಾರ ಆಫ್ರಿಕಾದ ಕಾಡಿನಲ್ಲಿ ಸಫಾರಿ, ಆಮೇಲೆ ಸಮುದ್ರ, ಕೊನೆಗೆ ಒಂದು ಮಹಾನಗರದ ಸುತ್ತಾಟ. ಪ್ರವಾಸದ ಕಂಪನಿಯಲ್ಲಿ ಕೆಲಸಕ್ಕಿದ್ದ ಮೈದುನ ಮನೆಯ ಆರೂ ಜನರಿಗೆ ಟಿಕೆಟ್ ಮಾಡಿಸಿದ್ದ. ದೊಡ್ಡ ಸೊಸೆಯ ಹೆಸರಿನಲ್ಲೂ ಒಂದಿತ್ತು. ಅದನ್ನು ಕಂಡು ಅವಳು ಹಿಗ್ಗಿದ್ದೇ ತಪ್ಪಾಯಿತೇನೋ! ಆ ಮನೆಯ ದೊಡ್ಡ ಸೊಸೆಗೆ ಟಿಕೆಟ್ ಇದ್ದರೂ ಪ್ರಯಾಣವಿಲ್ಲ ಎಂಬುದನ್ನು ಅವಳು ಮರೆತುಬಿಟ್ಟಿದ್ದಳು.

ಮನೆಯ ಹಿಂದೆಯೇ ಅವರ ಬೇಕರಿ. ಬೇಕರಿಯ ಒಡಲಿನಲ್ಲಿ ಇಟ್ಟಿಗೆಯ ಸೌದೆ ಭಟ್ಟಿ. ಕೆಲಸದವರು ಹಿಟ್ಟು ನಾದಬಹುದು, ಬನ್ನು ಬೇಯಿಸಬಹುದು, ಆದರೆ ಬೆಂಕಿ ಮಾತ್ರ ಮನೆಯ ಹಿರಿ ಸೊಸೆಯದು. ಸಂಜೆ ಕೆಂಡದ ಮೇಲೆ ಬೂದಿ ಮುಚ್ಚಬೇಕು, ಬೆಳಗ್ಗೆ ಬೂದಿ ಸರಿಸಿ ಅದೇ ಕೆಂಡಕ್ಕೆ ಸೌದೆ ಒಡ್ಡಬೇಕು. ಅತ್ತೆಯ ಅತ್ತೆಯ ಕಾಲದಿಂದ ಆ ಬೆಂಕಿ ಆರಿರಲಿಲ್ಲ. ಆರಿದರೆ ಮನೆ ಉಳಿಯುವುದಿಲ್ಲವೆಂದು ಯಾರು ಹೇಳಿದ್ದರೋ, ಯಾರೂ ಪರೀಕ್ಷೆ ಮಾಡಲು ಹೋಗಿರಲಿಲ್ಲ. ಮೈದುನನ ಮದುವೆಗೆ ಎಲ್ಲರೂ ಪರವೂರಿಗೆ ಹೋದಾಗ ಭಟ್ಟಿ ಕಾದವಳು ಇವಳು. ತವರಿನಿಂದ ಅಪ್ಪನಿಗೆ ಕಾಯಿಲೆ ಜೋರಾಗಿದೆ ಎಂದು ಫೋನ್ ಬಂದಾಗ, “ಸಂಜೆ ಬೂದಿ ಮುಚ್ಚಿ ಹೊರಡು,” ಎಂದಿದ್ದರು ಅತ್ತೆ. ಮುಚ್ಚಿಯೇ ಹೊರಟಳು. ತಲುಪುವಷ್ಟರಲ್ಲಿ ಅಪ್ಪ ಇರಲಿಲ್ಲ...

ಅವಳು ಗಂಡನ ಮುಖ ನೋಡಿದಳು. ಅವನೋ, ಅಮ್ಮ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಕೋಲೆ ಬಸವ!

“ಈ ಸಲ ಹೊಂದ್ಕೊಂಡು ಹೋಗೇ,” ಎಂದ ಮೆಲ್ಲಗೆ. “ಮುಂದಿನ ಸಲ ನೋಡೋಣ.”

ಅವಳು ತುಟಿ ಬಿಗಿ ಹಿಡಿದು, ಎಸೆದ ಬಟ್ಟೆಗಳನ್ನು ಮಡಿಸತೊಡಗಿದಳು. ಅಲ್ಲಿಗೇ ಮುಗಿದಿದ್ದರೆ ಅದನ್ನೂ ನುಂಗಿಕೊಂಡಿರುತ್ತಿದ್ದಳು. ಆದರೆ ಅತ್ತೆಯ ಕೈ ಇನ್ನೂ ಸೂಟ್‌ಕೇಸಿನೊಳಗೇ ಇತ್ತು. ಈಗ ಹೊರಬಂದಿದ್ದು ಪುಟ್ಟದೊಂದು ಹಳದಿ ಈಜುಡುಗೆ. ಅವಳ ಎಂಟು ವರ್ಷದ ಮಗಳದು. ಮನೆಯವರೆಲ್ಲ ಗುಬ್ಬಿ ಎಂದೇ ಕರೆಯುವ ಮಗಳದು.

“ಗುಬ್ಬೀನೂ ಇಲ್ಲೇ ಇರ್ಲಿ, ಅಮ್ಮನಿಗೆ ಜೊತೆಯಾಗುತ್ತೆ. ನಾಳೆ ಇವಳೂ ಒಂದು ಮನೆಗೆ ದೊಡ್ಡ ಸೊಸೆಯಾಗಿ ಹೋಗೋಳೇ ತಾನೆ? ಈಗಿಂದ್ಲೇ ಕಲೀಲಿ!”

ಬಾಗಿಲ ಬಳಿ ನಿಂತಿದ್ದ ಗುಬ್ಬಿಯ ಕೆಳತುಟಿ ನಡುಗಿತು. ಅಳಲಿಲ್ಲ. ಅಮ್ಮನನ್ನು ನೋಡಿ, ಅಮ್ಮನ ಹಾಗೆಯೇ ತುಟಿ ಬಿಗಿ ಹಿಡಿದು ಸುಮ್ಮನೆ ನಿಂತಳು. ಅಯ್ಯೋ... ಇಷ್ಟು ಬೇಗ ಕಲಿತುಬಿಟ್ಟಳಲ್ಲ! ಆ ತಾಯಿಯ ಎದೆಯಲ್ಲಿ ಇಷ್ಟು ವರ್ಷ ಬೂದಿ ಮುಚ್ಚಿಕೊಂಡಿದ್ದುದೇನೋ ಆ ಕ್ಷಣ ನಿಗಿನಿಗಿ ಎಂದಿತು.

ಮಾರನೆಯ ಸಂಜೆ ಕೆಲಸದವರನ್ನು ಕರೆದು, ಮೂರು ವಾರ ರಜೆ ಎಂದು ಹೇಳಿ ಕಳಿಸಿದಳು. ಆಮೇಲೆ ಉದ್ದ ಹಿಡಿಯ ಸಲಿಕೆ ಹಿಡಿದು ಭಟ್ಟಿಯೊಳಗಿನ ಕೆಂಡವನ್ನೆಲ್ಲ ಕಬ್ಬಿಣದ ತೊಟ್ಟಿಗೆ ಎಳೆದು ಹಾಕಿದಳು. ಒಂದು ಬಕೆಟ್ ನೀರು ಸುರಿದಳು. ಚೊಂಯ್ ಎಂದ ಸದ್ದಿಗೆ ಮನೆಮಂದಿಯೆಲ್ಲ ಓಡಿ ಬಂದರು.

“ಪಾಪಿ! ಏನು ಮಾಡ್ದೆ!” ಅತ್ತೆ ಹಬೆಯ ನಡುವೆ ಎದೆ ಹಿಡಿದುಕೊಂಡು ನಿಂತರು.

“ಆರಿಸ್ದೆ ಅತ್ತೆ.”

“ನಮ್ಮತ್ತೆ ನನ್ನ ಕೈಗೆ ಕೊಟ್ಟು ಹೋದ ಬೆಂಕಿ ಕಣೇ ಅದು! ನಿಮ್ಮಾವ ಕಣ್ಣು ಮುಚ್ಚಿದ ದಿನಾನೂ ನಾನು ಬೂದಿ ಸರಿಸಿ ಸೌದೆ ಇಟ್ಟಿದೀನಿ! ಅದನ್ನ... ಅದನ್ನ ನೀನು...”

“ಬೆಂಕಿಗೇನತ್ತೆ, ಕಡ್ಡಿ ಗೀರಿದ್ರೆ ಬರುತ್ತೆ. ನಮ್ಮಪ್ಪ ಬರ್ಲಿಲ್ಲ!”

ಗಂಡ ಮುಂದೆ ಬಂದು, “ಹೋಗ್ಲಿ ಬಿಡೇ, ಇನ್ನೊಂದ್ಸಲ ಹಚ್ಚಿಬಿಡು. ಅಮ್ಮನ ಹತ್ರ ಕ್ಷಮೆ ಕೇಳು,” ಎಂದ.

“ನೀವು ಹಚ್ಚಿ. ಹಚ್ಚಿ ನೀವೇ ಕಾಯ್ಕೊಂಡು ಕೂತ್ಕೊಳ್ಳಿ. ನಾನೂ ಗುಬ್ಬೀನೂ ನಾಳೆ ಹೊರಡ್ತೀವಿ.”

“ನಾನು ಕಾಯ್ಲಿಲ್ವೇನೇ?” ಅತ್ತೆಯ ದನಿ ಒಡೆಯಿತು. “ಈ ಭಟ್ಟಿ ಮುಂದೆ ನನ್ನ ಆಯಸ್ಸೇ ಬೆಂದುಹೋಯ್ತು! ನನ್ನನ್ನ ಯಾರು ಎಲ್ಲಿಗೆ ಕರ್ಕೊಂಡು ಹೋದ್ರು? ನಾನು ಒಂದಿನ ಬಾಯಿ ಬಿಟ್ಟೆನಾ?”

“ಬಿಡ್ಬೇಕಿತ್ತು ಅತ್ತೆ. ಅವತ್ತು ನೀವು ಬಿಟ್ಟಿದ್ರೆ ಇವತ್ತು ನಾನು ಬಿಡ್ಬೇಕಾಗಿರ್ಲಿಲ್ಲ. ಇವತ್ತು ನಾನು ಬಿಡದಿದ್ರೆ ನಾಳೆ ನನ್ನ ಮಗಳು ಬಿಡ್ಬೇಕಾಗುತ್ತೆ!”

ಹೊಡೆಯಲೆಂದು ಎತ್ತಿದ ಅತ್ತೆಯ ಕೈ ಹಾಗೇ ನಿಂತಿತು. ಸೊಸೆ ಹಿಂದೆ ಸರಿಯಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಕೊನೆಗೆ ಅತ್ತೆಯೇ ಕೈ ಇಳಿಸಿದರು. “ಬರೋದಾದ್ರೆ ಬಾ. ಆದ್ರೆ ಇವತ್ತಿಂದ ನಿನಗೂ ನನಗೂ ಮಾತಿಲ್ಲ,” ಎಂದು ಹೊರಟುಹೋದರು.

ಮಾತಿಲ್ಲವೆಂದರೆ ಇಲ್ಲ. ಕಾಡಿನಲ್ಲಿ ಚಾವಣಿ ತೆರೆದ ಜೀಪಿನಲ್ಲಿ ಆನೆಯ ಹಿಂಡು ಎದುರಾದಾಗ, ಮರಿಯಾನೆ ತಾಯಿಯ ಕಾಲಿನ ನಡುವೆ ನುಸುಳಿದಾಗ, ಗುಬ್ಬಿ ಖುಷಿಗೆ ಕಿರುಚಿ ಅಮ್ಮನ ಕುತ್ತಿಗೆಗೆ ಜೋತುಬಿದ್ದಾಗ, ಅತ್ತೆ ಮಾತ್ರ ಮುಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದರು. ಆನೆಯೂ ಅವರಿಗೆ ಏನಾದರೂ ತಪ್ಪು ಮಾಡಿತ್ತೇನೋ ಅನ್ನುವ ಹಾಗೆ!

ಅವರು ತಂಗಿದ್ದು ಡೇರೆಗಳಲ್ಲಿ. ನಡುವೆ ಬಯಲಿನಲ್ಲಿ ಅಡುಗೆಯವನ ಬೆಂಕಿ. ಬೆಳಗ್ಗೆ ಜೀಪು ಹೊರಡುವ ಮುಂಚೆ ಅವನು ಅದರ ಮೇಲೆ ನೀರು ಸುರಿದ. ಅತ್ತೆ “ಅಯ್ಯೋ!” ಎಂದು ಕೂತಲ್ಲಿಂದ ಎದ್ದೇಬಿಟ್ಟರು. ಅವನಿಗೆ ಭಾಷೆ ತಿಳಿಯದು, ನಕ್ಕ. ಸಂಜೆ ಬಂದಾಗ ಕಡ್ಡಿ ಗೀರಿ ಮತ್ತೆ ಹಚ್ಚಿದ. ಬೆಂಕಿ ಧಗಧಗ ಉರಿಯಿತು, ಅನ್ನ ಬೆಂದಿತು, ಎಲ್ಲರೂ ಉಂಡರು. ಮರುದಿನವೂ ಆರಿಸಿದ, ಮರುಸಂಜೆಯೂ ಹಚ್ಚಿದ. ಅತ್ತೆ ದಿನಾ ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಅದನ್ನೇ ನೋಡಿದರು. ಹೊರಡುವ ದಿನ ಬೆಳಗ್ಗೆ ಅವನ ಕೈಯಿಂದ ಬಕೆಟ್ ಕಸಿದುಕೊಂಡು ತಾವೇ ಸುರಿದರು. ಡೇರೆಯ ಬಾಗಿಲಿನಿಂದ ದೊಡ್ಡ ಸೊಸೆ ಅದನ್ನು ಕಂಡಳು.

ಕಡಲ ದಂಡೆಯಲ್ಲಿ ಗುಬ್ಬಿಯ ಕೈ ಹಿಡಿದು ಅವಳು ಸೊಂಟದವರೆಗೆ ನೀರಿಗಿಳಿದಳು. ಅತ್ತೆ ದಡದಲ್ಲೇ ನಿಂತು ಕೂಗಿದರು.

“ಗುಬ್ಬೀ, ನಿಮ್ಮಮ್ಮನಿಗೆ ಹೇಳು, ಉಪ್ಪುನೀರಲ್ಲಿ ನೆಂದ್ರೆ ನೆಗಡಿ ಆಗುತ್ತೆ ಅಂತ!”

“ಆದ್ರೆ ಆಗ್ಲಿ ಅಂತ ನಿಮ್ಮಜ್ಜಿಗೆ ಹೇಳು!”

ಗುಬ್ಬಿ ಇಬ್ಬರಿಗೂ ಹೇಳಿ ಹೇಳಿ ಸುಸ್ತಾಗಿ ಮರಳಿನಲ್ಲಿ ಆಡಲು ಹೋದಳು. ಆಗ ಅತ್ತೆ ಒಂದೊಂದೇ ಹೆಜ್ಜೆ ಇಡುತ್ತ ನೀರಿನೊಳಕ್ಕೆ ಬಂದರು. ಅಲೆ ಬಡಿದು ತೂರಾಡಿದಾಗ ಸೊಸೆಯ ತೋಳು ಗಟ್ಟಿಯಾಗಿ ಹಿಡಿದರು. ಹಿಡಿದವರು ಬಿಡಲಿಲ್ಲ.

“ನಮ್ಮಮ್ಮ ಹೋದಾಗ್ಲೂ ಹೀಗೇ ಆಯ್ತು ಕಣೇ...” ಎಂದರು ಸಮುದ್ರದ ಕಡೆ ನೋಡುತ್ತ. “ನಾನೂ ಬೂದಿ ಮುಚ್ಚೇ ಹೋಗಿದ್ದು. ನನಗೂ ಮುಖ ನೋಡೋಕೆ ಸಿಗ್ಲಿಲ್ಲ.”

“ಗೊತ್ತಿದ್ದೂ ನನಗೆ ಹಾಗೆ ಮಾಡಿದ್ರಲ್ಲ ಅತ್ತೆ!”

“ಮಾಡ್ದೆ.” ಅತ್ತೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. “ನಾನು ಪಟ್ಟಿದ್ದು ನೀನು ಪಡದಿದ್ರೆ, ನಾನು ಪಟ್ಟಿದ್ದೆಲ್ಲ ದಂಡ ಅನ್ಸಿಬಿಡುತ್ತಲ್ಲ...”

ಸೊಸೆಗೆ ಅಳು ಉಕ್ಕಿ ಬಂತು. ಆದರೂ ಪರವಾಗಿಲ್ಲ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಅದು ಪರವಾಗಿಲ್ಲ ಎನ್ನುವಂಥ ಮಾತೂ ಆಗಿರಲಿಲ್ಲ.

ಕೊನೆಯ ದಿನ, ಮಹಾನಗರದಲ್ಲಿ, ಬೆಳಗ್ಗೆಯೇ ಹೋಟೆಲಿನ ಕೋಣೆ ಖಾಲಿ ಮಾಡಬೇಕಾಯಿತು. ವಿಮಾನ ರಾತ್ರಿಗೆ. ಸಾಮಾನು ಇಡುವ ಕೋಣೆಯಲ್ಲಿ ಜಾಗವಿಲ್ಲ. ಊರು ತೋರಿಸುವ ಎರಡಂತಸ್ತಿನ ಬಸ್ಸು ಹೋಟೆಲಿನ ಎದುರೇ ಬಂದು ನಿಂತಿತ್ತು.

“ಅತ್ತಿಗೆ ಇರ್ತಾರಲ್ಲ, ಸಾಮಾನು ನೋಡ್ಕೋತಾರೆ,” ಎಂದ ಮೈದುನ. ಅವನಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಅಭ್ಯಾಸಬಲ! ಗಂಡನ ತಲೆಯೂ ತಾನಾಗಿಯೇ ಆಡಿತು.

“ನಾನಿರಲ್ಲ,” ಎಂದಳು ದೊಡ್ಡ ಸೊಸೆ.

ಹಾಲ್‌ನಲ್ಲಿ ಓಡಾಡುವವರು ತಿರುಗಿ ನೋಡುವಷ್ಟು ಗಟ್ಟಿಯಾಗಿಯೇ ಹೇಳಿದ್ದಳು. ಎಲ್ಲರ ಕಣ್ಣೂ ಅತ್ತೆಯ ಕಡೆ ಹೊರಳಿತು. ಅತ್ತೆ ನಿಧಾನವಾಗಿ ಎದ್ದರು. ದೊಡ್ಡ ಮಗನ ರಟ್ಟೆ ಹಿಡಿದು ಒಂದು ಸೂಟ್‌ಕೇಸಿನ ಮೇಲೆ ಕೂರಿಸಿದರು. ಚಿಕ್ಕವನಿಗೆ ಇನ್ನೊಂದನ್ನು ತೋರಿಸಿದರು.

“ಕೂತ್ಕೊಳ್ಳಿ ಇಬ್ರೂ.”

“ಅಮ್ಮಾ! ಇಷ್ಟೆಲ್ಲ ಏರ್ಪಾಡು ಮಾಡಿದ್ದು ನಾನು!”

“ಮಾಡಿದೀಯಲ್ಲ, ಇನ್ನು ಕಾಯೋದನ್ನೂ ಕಲಿ. ನಮ್ಮ ಮನೇಲಿ ಹೆಂಗಸರು ಕಾದಿದ್ದು ಸಾಕು.” ಆಮೇಲೆ ಸೊಸೆಯರಿಬ್ಬರನ್ನೂ ಕರೆದು, ಗುಬ್ಬಿಯ ಕೈ ಹಿಡಿದು ದಡದಡ ಬಸ್ಸು ಹತ್ತಿಬಿಟ್ಟರು.

ಮೇಲಂತಸ್ತಿನಲ್ಲಿ ಅತ್ತೆ ದೊಡ್ಡ ಸೊಸೆಯ ಪಕ್ಕದಲ್ಲೇ ಕೂತರು. ಬಸ್ಸು ಹೊರಟಿತು. ಗಾಳಿಗೆ ಇಬ್ಬರ ಕೂದಲೂ ಕೆದರಿತು.

“ಭಟ್ಟಿ ಆರಿಸಿದ್ದಕ್ಕೆ ನಿನ್ನನ್ನ ನಾನಿನ್ನೂ ಕ್ಷಮಿಸಿಲ್ಲ, ತಿಳ್ಕೋ,” ಎಂದರು ಅತ್ತೆ.

“ನಾನು ಕೇಳೂ ಇಲ್ಲ ಅತ್ತೆ.”

“ಕೇಳ್ಬೇಡ. ಯಾವತ್ತೂ ಕೇಳ್ಬೇಡ,” ಎಂದು ಅತ್ತೆ ಅವಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಗುಬ್ಬಿ ಹಿಂದೆ ತಿರುಗಿ, ಹೋಟೆಲಿನ ಗಾಜಿನ ಗೋಡೆಯಾಚೆ ಸೂಟ್‌ಕೇಸುಗಳ ನಡುವೆ ಕೂತ ಅಪ್ಪನಿಗೂ ಚಿಕ್ಕಪ್ಪನಿಗೂ ಕೈ ಬೀಸಿದಳು. ಅಜ್ಜಿಯಾಗಲಿ, ಅಮ್ಮನಾಗಲಿ ತಿರುಗಿ ನೋಡಲಿಲ್ಲ.