ಎಡಗಡೆ ಕೂತಿದ್ದವಳು

"ಇವರಾ...?!"

ದೋಣಿಗೆ ಇಟ್ಟ ಕಾಲನ್ನು ಸ್ನೇಹಾ ಹಿಂದಕ್ಕೆ ತೆಗೆದಳು.

ಕೊಂಡಜ್ಜಿ ಕೆರೆಯ ಆ ದೋಣಿಯ ಹಿಂಬದಿಯಲ್ಲಿ, ಮೋಟಾರಿನ ಮೇಲೆ ಬಗ್ಗಿ ಕೂತಿದ್ದವನು ವೀರೇಶ್. ಹರಿಹರದಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟವನು. ಎಂಟು ತಿಂಗಳ ಹಿಂದೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಗೆ ಅವಳನ್ನು ನೋಡಲು ಬಂದಿದ್ದವನು. ಅವಳು ಬೇಡ ಎಂದಿದ್ದವನು!

ಅವನೂ ತಲೆಯೆತ್ತಿದ. ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಠಣ್ ಎಂದಿತು.

"ಹತ್ತೇ ಸ್ನೇಹಾ, ಹಿಂದೆ ಜನ ನಿಂತಾರೆ!" ಜೊತೆಗೆ ಕೆಲಸ ಮಾಡುವ ಕೀರ್ತನಾ ಬೆನ್ನು ತಟ್ಟಿದಳು.

"ಬರ್ರಿ ತಂಗಿ, ಹೊಸ ಮೋಟಾರ್ ಹಾಕೀವಿ. ನಡುಗಡ್ಡೆ ಕಾಡಿನಾಗೆ ಒಂದರ್ಧ ತಾಸು ಅಡ್ಡಾಡಿ ಬರೋಣಂತೆ," ಎಂದ ದೋಣಿ ನಡೆಸುವ ಮೌಲಾ ಸಾಬ್.

ದೋಣಿ ಹೊರಟಿತು. ಗುಡ್ಡದ ನೆರಳು ನೀರಿನಲ್ಲಿ ಅಲುಗುತ್ತಿತ್ತು. ಬೆಳ್ಳಕ್ಕಿಗಳು ಸಾಲಾಗಿ ಎದ್ದವು. ಕೀರ್ತನಾ ಫೋಟೋ ತೆಗೆಯುತ್ತಲೇ ಇದ್ದಳು. ಸ್ನೇಹಾಳಿಗೆ ಮಾತ್ರ ಯಾವುದೂ ಕಾಣಲಿಲ್ಲ.

ಅವತ್ತು ಹಿರಿಯರು ಇಬ್ಬರನ್ನೇ ಮಹಡಿ ಮೇಲೆ ಬಿಟ್ಟಿದ್ದರು. ಅವನ ಎಡಗಡೆ ಕೂತು, ನಡುಗುವ ದನಿಯಲ್ಲಿ ಅವಳು ಒಂದೇ ಮಾತು ಕೇಳಿದ್ದಳು. "ನಮ್ಮಪ್ಪ ಇಲ್ಲ. ಮದ್ವೆ ಆದ್ಮೇಲೆ ಅವ್ವನೂ ನಮ್ಮ ಜೊತೆಗೇ ಇರಬೋದಾ?"

ಅವನು ಅವಳತ್ತ ತಿರುಗಲೂ ಇಲ್ಲ. ರಸ್ತೆ ನೋಡುತ್ತಾ ಕೂತಿದ್ದ. ಆಮೇಲೆ, "ಉಪ್ಪಿಟ್ಟು ಚೆನ್ನಾಗಿತ್ತು" ಎಂದ!

ಹೆತ್ತವಳ ಮಾತು ಅಷ್ಟು ಹಗುರವಾಯಿತೇ...?

ಅಂದು ಸಂಜೆಯೇ ಈ ಸಂಬಂಧ ಬೇಡ ಎಂದುಬಿಟ್ಟಳು. ಕಾರಣವನ್ನು ತಾಯಿ ನಿರ್ಮಲಮ್ಮನಿಗೂ ಹೇಳಲಿಲ್ಲ. ಹೇಳಿದರೆ, ಮಗಳಿಗೆ ನಾನೇ ಭಾರವಾದೆ ಎಂದು ಆಕೆ ಕೊರಗುತ್ತಿದ್ದಳು. ಆದರೆ ಆ ಮುಖವನ್ನು ಮರೆಯಲು ಮಾತ್ರ ಸ್ನೇಹಾಳಿಗೆ ಆಗಿರಲಿಲ್ಲ.

ನಡುಗಡ್ಡೆ ಬಂತು. ಹೊಂಗೆ ಮರಗಳ ನೆರಳಲ್ಲಿ ಸಲೀಸಾದ ಕಾಲುದಾರಿ. ಮೋಟಾರ್ ತಣ್ಣಗಾಗಲೆಂದು ವೀರೇಶನೂ ಇಳಿದು, ಅವಳ ಕಣ್ಣು ತಪ್ಪಿಸಿ ಮೌಲಾ ಸಾಬನ ಜೊತೆ ಮುಂದೆ ನಡೆದ.

ಅವನ ಎಡಗಡೆಯ ಪೊದೆಯ ಬಳಿಯಿಂದ ಮೌಲಾ ಸಾಬ್ ಸಣ್ಣ ದನಿಯಲ್ಲಿ ಎಚ್ಚರಿಸಿದ. "ವೀರೇಶಣ್ಣ, ನಿಲ್ರಿ... ಹಾವು ಐತೆ."

ಹಿಂದಿದ್ದ ಸ್ನೇಹಾಳಿಗೆ ಕೇಳಿಸಿತು. ಅವನು ಮಾತ್ರ ನಡೆದೇ ನಡೆದ!

ಅವಳು ಓಡಿ ಹೋಗಿ ಅವನ ತೋಳು ಹಿಡಿದೆಳೆದಳು. ಉದ್ದನೆಯ ಹಾವೊಂದು ದಾರಿ ದಾಟಿ ಸರಸರ ಸರಿದುಹೋಯಿತು.

"ಕೇರೆ ಹಾವು, ಏನೂ ಮಾಡಂಗಿಲ್ಲ!" ಮೌಲಾ ಸಾಬ್ ನಕ್ಕು ಉಳಿದವರನ್ನು ಮುಂದಕ್ಕೆ ಕರೆದೊಯ್ದ.

ಸ್ನೇಹಾ ನಗಲಿಲ್ಲ. ಕಣ್ಣು ತುಂಬಿತ್ತು.

"ಅಷ್ಟು ಹತ್ರದಿಂದ ಹೇಳಿದ್ರೂ ಕೇಳಿಸ್ಲಿಲ್ವಾ ನಿಮಗೆ?"

"ಇಲ್ಲ..." ಅವನು ತಲೆ ತಗ್ಗಿಸಿದ. "ಎಡಗಿವಿ ಕೇಳ್ಸಲ್ಲ. ಚಿಕ್ಕೋನಿದ್ದಾಗ ಜ್ವರ ಬಂದು ಹೋತು. ಅದು ಗೊತ್ತಾಗಿ ತಾನೆ ನೀವು ಬ್ಯಾಡ ಅಂದಿದ್ದು?"

ಅವಳು ಅವನ ಎಡಗಿವಿಯನ್ನೇ ನೋಡಿದಳು.

"ಹಂಗಾದ್ರೆ ಅವತ್ತು ಮಹಡಿ ಮೇಲೆ ನಾನು ಕೇಳಿದ್ದು...?"

"ನೀವೇನಾದ್ರೂ ಕೇಳಿದ್ರಾ?! ನಿಮ್ಮ ಮುಖ ನೋಡಾಕೆ ಧೈರ್ಯ ಇಲ್ದೆ ನಾ ರಸ್ತೆ ನೋಡ್ತಾ ಕೂತಿದ್ದೆ."

ದೇವರೇ... ಎಂಟು ತಿಂಗಳು!

ಅವಳು ಸುತ್ತಿ ಬಂದು ಅವನ ಬಲಗಡೆ ನಿಂತಳು. ಅದೇ ಮಾತನ್ನು ಮತ್ತೆ ಕೇಳಿದಳು. ಈ ಸಲ ದನಿ ನಡುಗಲಿಲ್ಲ.

"ಇದನ್ನ ಕೇಳಬೇಕಿತ್ತಾ?" ವೀರೇಶ್ ಅವಳತ್ತ ತಿರುಗಿದ. "ಬರ್ಲಿ ಕಣ್ರಿ. ನಮ್ಮವ್ವಗೆ ಮಾತಿಗೆ ಜೊತೆ ಬೇಕು. ಇಬ್ರೂ ಸೇರಿದ್ರೆ ನಮ್ಮನ್ನ ಕೇಳೋರು ಯಾರು!"

ಅತ್ತುಕೊಂಡೇ ನಕ್ಕಳು ಸ್ನೇಹಾ. "ಕಿವಿ ವಿಷಯ ಯಾಕ ಮುಚ್ಚಿಟ್ರಿ?"

"ಮಾತು ಗಟ್ಟಿಯಾಗ್ಲಿ, ಆಮೇಲೆ ಹೇಳು ಅಂದ್ಲು ಅವ್ವ. ಸುಮ್ನಿದ್ದೆ. ತಪ್ಪು ನಂದೇ."

"ನಂದೂ ಐತೆ. ಇನ್ನೊಂದ್ಸಲ ಕೇಳ್ಬೇಕಿತ್ತು ನಾನು."

ಹೊಂಗೆ ಎಲೆಗಳು ಅಲುಗಿದವು. ಮುಂದೆ ಹೋಗಿದ್ದ ಕೀರ್ತನಾ ಕರೆಯುತ್ತಿದ್ದಳು. ಇಬ್ಬರೂ ಅಲ್ಲೇ ನಿಂತಿದ್ದರು.

"ಸ್ನೇಹಾ... ನಿಮ್ಮನ್ನ ಮರೆಯಾಕೆ ಆಗ್ಲಿಲ್ಲ. ಅವ್ವನ್ನ ಕರ್ಕೊಂಡು ಮತ್ತೆ ನಿಮ್ಮನೆಗೆ ಬರ್ಲಾ?"

ಅವಳು ಅವನ ಬಲಗಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು. "ಬರ್ರಿ."

"ಏನಂದ್ರಿ? ಕೇಳಿಸ್ಲಿಲ್ಲ."

"ಸುಳ್ಳು! ಇದು ಕೇಳ್ಸೋ ಕಿವಿನೇ ಅಲ್ವಾ?"

"ಕೇಳಿಸ್ತು..." ಅವನ ಕಣ್ಣಲ್ಲಿ ನಗುವಿತ್ತು, ನೀರೂ ಇತ್ತು. "ಇನ್ನೊಂದ್ಸಲ ಕೇಳೋ ಆಸೆ."

ಸ್ನೇಹಾ ನಾಚಿದಳು. ಆದರೂ ಹೇಳಿದಳು.

"ಬೇಗ ಬರ್ರಿ."