ಕಲ್ಲಿಗೆ ಮುತ್ತಿದ ಇರುವೆ

ಕಲ್ಲಿಗೆ ಇರುವೆ ಮುತ್ತುವುದುಂಟೇ? ಹಿಂದೂಪುರದ ಸ್ಕ್ಯಾನ್ ಕೋಣೆಯಲ್ಲಿ ಬನಶ್ರೀ ಕಣ್ಣರಳಿಸಿ ನಿಂತಳು. ಕಲ್ಯಾಣದುರ್ಗದ ಕೊಳವೆಯಿಂದ ಕೊರೆದು ತೆಗೆದ ಗ್ರಾನೈಟ್ ಉರುಳೆ ಅದು. ಅದರ ಬಿರುಕೇ ಕಾಣದಂತೆ ಕೆಂಪಿರುವೆಗಳು ಮುತ್ತಿ ಸಾಲುಗಟ್ಟಿ ಒಳನುಗ್ಗುತ್ತಿದ್ದವು.

"ಇರುವೆ ಬಿಡು, ಇದನ್ನ ನೋಡು," ಎಂದ ಮೇಲಧಿಕಾರಿ ವಿಜಯಕುಮಾರ್.

ಕಲ್ಲು ನೆಲದಿಂದ ಮೇಲೆ ಬಂದ ದಿನವೇ ಅವನು ತೆಗೆದ ಫೋಟೋ. ಅದರಲ್ಲಿ ಬಿರುಕಿನ ತುಂಬ ಬಿಳಿ ಸುಣ್ಣದ ಗೆರೆ. ಬನಶ್ರೀ ನಿನ್ನೆ ತೆಗೆದ ಡಿಜಿಟಲ್ ಚಿತ್ರದಲ್ಲಿ ಅದೇ ಬಿರುಕು ಕಪ್ಪಗೆ ಬಾಯಿ ತೆರೆದಿತ್ತು. ತೆರೆದ ಬಿರುಕೆಂದರೆ ನೆಲದಡಿಯ ಬಿಸಿನೀರಿಗೆ ದಾರಿ. ಬಿಸಿನೀರಿದ್ದರೆ ಅದರ ಆವಿಯಿಂದ ಕರೆಂಟು, ಅದಕ್ಕಾಗಿ ಇನ್ನಷ್ಟು ಕೊಳವೆ.

"ಚಿತ್ರ ತಿದ್ದಿದ್ದು ಯಾಕೆ? ಸಂಜೆಯೊಳಗೆ ಹೇಳು. ಇಲ್ಲಾಂದ್ರೆ ನಾಳೆಯಿಂದ ಬರಬೇಡ."

"ನಾನು ತಿದ್ದಿಲ್ಲ ಸಾರ್," ಎಂದಳು ಬನಶ್ರೀ. ಕೆಲಸ ಹೋದರೆ ಹೋಗಲಿ, ಸುಳ್ಳುಗಾತಿ ಎಂಬ ಹೆಸರು ಅಂಟಿದರೆ ತನ್ನ ಚಿತ್ರವನ್ನು ಇನ್ನಾರು ನಂಬುತ್ತಾರೆ?

*

ಕಲ್ಲು ತಂದ ವ್ಯಾನು ಹೊರಗೇ ನಿಂತಿತ್ತು. ಒಳಗೆಲ್ಲ ಹುಣಸೆಹಣ್ಣಿನ ವಾಸನೆ.

"ದಾರೀಲಿ ಕಲ್ಲಿನ ಪೆಟ್ಟಿಗೆ ತೆಗೆದ್ಯೇನಣ್ಣ?" ಎಂದು ಡ್ರೈವರ್ ಓಬುಳಪತಿಯನ್ನು ಕೇಳಿದಳು.

"ಅಯ್ಯೋ, ನಾನ್ಯಾಕೆ ತೆಗೀಲಿ ಕಣಮ್ಮ? ಒಂದೊಂದ್ಸಲ ಮಂಡಿಗೆ ಹುಣ್ಸೆ ಹೊತ್ಕೊಂಡ್ ಬತ್ತೀನಿ, ಅಷ್ಟೇಯ. ಹಾಲೇಶಣ್ಣ ಬೀಗ ಹಾಕ್ಬುಟ್ಟೇ ಕಳ್ಸಿದ್ದು."

ಹಾಲೇಶ್ ಕೊಳವೆ ಕೊರೆಯುವ ಕಂಟ್ರಾಕ್ಟರು. ಅದೇ ವ್ಯಾನಿನಲ್ಲಿ ಬಂದ ಉಳಿದ ಪೆಟ್ಟಿಗೆಗಳಲ್ಲಿ ಒಂದು ಇರುವೆಯೂ ಇರಲಿಲ್ಲ. ಬನಶ್ರೀ ಓಡಿಹೋಗಿ ಆ ಕಲ್ಲನ್ನು ಎಕ್ಸ್‌ರೇ ಸ್ಕ್ಯಾನರಿಗೆ ಹಾಕಿದಳು. ಪರದೆಯ ಮೇಲೆ ಬಿರುಕಿನ ಬಾಯಲ್ಲಿ ಸಿಕ್ಕ ಸಣ್ಣ ನಾರನ್ನು ಕಂಡು, ಇನ್ನೂ ಒಳಗಿನ ಚಿತ್ರ ತೆಗೆದಳು.

*

ಸಂಜೆ ವಿಜಯಕುಮಾರನ ಜೊತೆ ಹಾಲೇಶನೂ ಸ್ಕ್ಯಾನ್ ಕೋಣೆಗೆ ಬಂದ. "ಏಮಮ್ಮಾ, ಚಿತ್ರ ತಿದ್ದಿದ್ಯಂತೆ?"

"ಕಲ್ಲಿಗೆ ಇರುವೆ ಮುತ್ಕೊಂಡವೆ ಹಾಲೇಶಣ್ಣ. ಯಾಕಿದ್ದೀತು?"

"ಬಿರುಕಲ್ಲಿ ಹುಣ್ಸೆ ನಾರು ಸಿಕ್ಕಂಡಿರ್ತದೆ. ಒರೆಸ್ಬುಡು."

"ಬಿರುಕಲ್ಲಿ ನಾರೈತೆ ಅಂತ ನಿಮ್ಗೆ ಹೇಳ್ದೋರ್ಯಾರು? ಸ್ಕ್ಯಾನಲ್ಲಿ ಈಗ್ತಾನೆ ನಾನೊಬ್ಳೇ ನೋಡಿದ್ದು!"

ಬನಶ್ರೀ ವಿಜಯಕುಮಾರನ ಕಡೆ ತಿರುಗಿದಳು.

"ತಾಮ್ರದ ಬಿಂದಿಗೆ ತೊಳೆಯೋ ಹುಣ್ಸೆ ಹುಳಿನೇ ಸಾರ್. ಬೀಗ ಹಾಕೋ ಮೊದ್ಲೇ ಇವ್ರು ಕಲ್ಲನ್ನ ಅದ್ರಲ್ಲಿ ನೆನೆಹಾಕವ್ರೆ. ಸುಣ್ಣ ಕರಗೈತೆ, ಆದ್ರೆ ಅಂಚಲ್ಲಿ ಮಾತ್ರ. ನಿನ್ನೆ ನಾನು ತೆಗೆದಿದ್ದು ಮೈಮೇಲಿನ ಚಿತ್ರ. ಇದು ಒಳಗಿಂದು ನೋಡಿ. ನಡುವೆ ಬೆಳ್ಳಗೆ ಹಂಗೇ ತುಂಬ್ಕೊಂಡೈತೆ. ಬಿಸಿನೀರು ಹರಿಯೋ ಬಿರುಕಾಗಿದ್ರೆ ಒಳಗೂ ತೆರೆದಿರ್ಬೇಕಿತ್ತು."

"ಇನ್ನೊಂದು ಕೊಳವೆ ಕೊರೆಯೋ ಆಸೆಗೆ ಇಷ್ಟೆಲ್ಲಾನಾ ಹಾಲೇಶ್?" ಎಂದ ವಿಜಯಕುಮಾರ್.

ಹಾಲೇಶ್ ಬನಶ್ರೀಯತ್ತ ಸಿಡಿದ. "ಬಿಸಿನೀರಿಲ್ಲ ಅಂದ್ರೆ ಈ ಕೋಣೇನೂ ಮುಚ್ತಾರೆ ಕಣಮ್ಮ. ನಿನ್ ಕೆಲ್ಸಾನೂ ಹೋಯ್ತದೆ!"

ಅದು ಪರದೆ ನೋಡಿದಾಗಲೇ ಅವಳಿಗೆ ಹೊಳೆದಿತ್ತು. ಎರಡೂ ಚಿತ್ರಗಳ ಕೆಳಗೆ ತನ್ನ ಹೆಸರು ಬರೆದು ಪರದೆಯನ್ನು ವಿಜಯಕುಮಾರನ ಕಡೆ ತಿರುಗಿಸಿದಳು.

"ಎರಡನ್ನೂ ಮೇಲಿನೋರಿಗೆ ಕಳಿಸಿ ಸಾರ್," ಎಂದಳು.